ನಾನು ಬರೆದ ಸರ್ವಾನುಮತ

ಸಭೆ ಅಂದ ಮೇಲೆ ನಗೆಪಾಟಲು ಇದ್ದೇ ಇರುತ್ತದೆ. ಅದನ್ನು ನಡಾವಳಿ ಪುಸ್ತಕದಲ್ಲಿ ಮರ್ಯಾದೆಯಾಗಿ ಬರೆಯುವುದು ನನ್ನ ಕೆಲಸ. ಹಾವೇರಿಯ ಒಂದು ವ್ಯಾಪಾರಸ್ಥರ ಸಂಘಕ್ಕೆ ನಾನು ಗುಮಾಸ್ತ. ಈ ಪ್ರಸಂಗಗಳನ್ನು ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಒಂದೇ ಕುರ್ಚಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಭಾರೀ ಮತಗಳಿಂದ ಆರಿಸಿ ಬಂದು ಅಧ್ಯಕ್ಷರಾದರು. ಜೋರಾಗಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಮೊದಲ ಸಭೆಯಲ್ಲೇ, "ನಾ ಜನರ ಮನಷ್ಯಾ. ಕುರ್ಚಿ ಎಲ್ಲಾ ಹೊರಗ ಇಡ್ರಿ," ಎಂದು ಜಮಖಾನೆಯ ಮೇಲೆ ಕುಳಿತರು. ಫೋಟೊ ತೆಗೆದಾಯಿತು. ಕೂಡಲೇ, "ಮೊಣಕಾಲ ನೋಯಾಕತ್ತಾವ, ನಂದೊಂದು ಕುರ್ಚಿ ತಾ," ಎಂದರು. ತಂದುಕೊಟ್ಟು ಕೇಳಿದೆ:

"ಉಳಿದವರಿಗ್ರಿ, ಸಾಹೇಬ್ರ?"

"ಅವರೂ ಎದ್ದ ಬಿಟ್ರ, ಜನರ ಜೋಡಿ ಕುಂದ್ರಾವ್ರು ಯಾರೊ?"

ಲಿಖಿತ ಪ್ರಶ್ನೆ

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟ ಹಿರಿಯ ಸದಸ್ಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಸಭೆಯಲ್ಲಿ ಪ್ರಶ್ನೆ ಕೇಳುವವರು ಅವರೊಬ್ಬರೇ. ಅದಕ್ಕೇ ಅಧ್ಯಕ್ಷರು ಹೊಸ ನಿಯಮ ಮಾಡಿದರು: ಪ್ರಶ್ನೆ ಬರೆದುಕೊಡಬೇಕು, ಗುಮಾಸ್ತ ಓದಬೇಕು.

ಕಾಕಾ ಬರೆದುಕೊಟ್ಟರು: "ಮುಂದಿನ ಚುನಾವಣೆ ಯಾವಾಗ?"

ಓದಲು ಎದ್ದೆ. ಅಧ್ಯಕ್ಷರು ನನ್ನನ್ನೇ ದಿಟ್ಟಿಸುತ್ತಿದ್ದರು. ನನ್ನ ಬಾಯಿಂದ ಹೊರಟದ್ದು, "ಅಧ್ಯಕ್ಷರ ಮೊಣಕಾಲು ಈಗ ಹೇಗಿದೆ?"

ಅಧ್ಯಕ್ಷರು ಅರ್ಧ ತಾಸು ಉತ್ತರ ಕೊಟ್ಟರು. ಕೊನೆಗೆ ಕಾಕಾನ ಕಡೆ ತಿರುಗಿ, "ವಿರೋಧ ಅಂದ್ರ ಹಿಂಗಿರಬೇಕ್ರಿ!" ಅಂದರು.

ಎತ್ತಿದ ಕೈ

ಅವಧಿ ಮುಗಿಯಿತು. ಆ ದಿನದ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತರು. "ಚುನಾವಣಿ ಅಂದ್ರ ಸುಮ್ನ ಜಗಳ. ಜನಕ್ಕ ನಾನ ಬೇಕಾಗೇನಿ. ಇನ್ನ ಮ್ಯಾಲ ಚುನಾವಣಿ ಬ್ಯಾಡ. ವಿರೋಧ ಇದ್ದವರು ಕೈ ಎತ್ರಿ."

ಕಾಕಾ ಒಬ್ಬರೇ ಎತ್ತಿದರು.

"ಕಾಕಾಗ ನೀರ ಬೇಕಂತ, ಕೊಡೊ," ಎಂದರು ಅಧ್ಯಕ್ಷರು.

ಕೊಟ್ಟೆ. ಕಾಕಾ ಕುಡಿದು ಗ್ಲಾಸು ಕೆಳಗಿಟ್ಟು ಮತ್ತೆ ಕೈ ಎತ್ತಿದರು.

"ಭಾಳ ನೀರಡಿಕಿ ಆಗೈತಿ, ಇನ್ನೊಂದು ಕೊಡು!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಇನ್ನೊಂದು ಗ್ಲಾಸು ನೀರು ಕೊಟ್ಟು, 'ಸರ್ವಾನುಮತದಿಂದ ಅಂಗೀಕಾರ' ಎಂದು ಬರೆದೆ.

ಎಲ್ಲರೂ ಹೋದ ಮೇಲೆ ಕಾಕಾ ನನ್ನ ಟೇಬಲಿನ ಹತ್ತಿರ ಬಂದರು.

"ಏನ ಬರದೀ ತಮ್ಮಾ?"

ಪುಸ್ತಕ ಅವರ ಕಡೆ ತಿರುಗಿಸಿದೆ. ತಲೆ ಎತ್ತಲಾಗಲಿಲ್ಲ. ಅವರು ಓದಿದರು, ಬೈಯಲಿಲ್ಲ.

"ಇರ್ಲಿ. ಹಂಗಾದ್ರ ನಾ ಇವತ್ತ ಸಭಾಕ್ಕ ಬಂದೇ ಇಲ್ಲ ಅಂತಾದ್ರು ಬರಿ. ಮನ್ಯಾಗ ಮಮ್ಮಕ್ಕಳಿಗೆ ಮಾರಿ ತೋರಸಬೇಕಲ್ಲೊ."

ಅದನ್ನೂ ಬರೆಯಲಾಗಲಿಲ್ಲ. ಅವರೊಬ್ಬರ ಹೆಸರು ಬಿಟ್ಟರೆ ಆ ದಿನ ಸಭೆ ನಡೆಸಲು ಬೇಕಾದ ಹಾಜರಿಯ ಕೋರಂ ತುಂಬುತ್ತಿರಲಿಲ್ಲ.