ನಮ್ಮತ್ತೆ, ಬಾಲಚುಕ್ಕೆ ಮತ್ತು ಒಂದು ‘ರೆ’

ನನ್ನ ಸೋದರತ್ತೆ ಪ್ರಳಯವನ್ನು ಅರ್ಧ ದಿನ ಕಾಯಿಸಿ, ಬೇಸರ ಹಿಡಿಸಿ, ಬಂದ ದಾರಿಗೇ ವಾಪಸು ಕಳಿಸಿದವಳು. ನಗಬೇಡಿ! ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಬಾಲಚುಕ್ಕೆ ಮೂಡಿದ ವರ್ಷ ಅದು. ಶಾಲೆಯ ಮೇಷ್ಟ್ರಿಗೆ ಚಳ್ಳಕೆರೆಯ ಮೇಲೆ ಒಂದು ಪತ್ರಿಕೆ ಬರುತ್ತಿತ್ತು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ತಾವೇ ಓದುತ್ತಿದ್ದರು. ಅವತ್ತು ಓದಿದ್ದು ಹೀಗೆ: ಬರುವ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಧೂಮಕೇತುವು ಭೂಮಿಗೆ ಬಡಿದು ಬೆಟ್ಟಗಳು ಸಿಡಿಯುವುವು. ಸಮುದ್ರ ಉಕ್ಕುವುದು. ಎದ್ದ ಧೂಳು ಸೂರ್ಯನನ್ನು ಮುಚ್ಚಿ, ತಿಂಗಳುಗಟ್ಟಲೆ ಕತ್ತಲಾಗಿ, ಹುಲ್ಲುಕಡ್ಡಿಯೂ ಬೆಳೆಯದು.

ಬೀದಿಗೆ ಬೀದಿಯೇ ತಣ್ಣಗಾಯಿತು. ಅತ್ತೆ ಮಾತ್ರ ರೇಷ್ಮೆ ಸುತ್ತುವ ಕೈ ನಿಲ್ಲಿಸಲಿಲ್ಲ.

“ಬೆಟ್ಟ ಸಿಡಿದ್ರೆ ಏನಾಗ್ತೈತ್ರಿ ಮೇಷ್ಟ್ರೇ?”

“ಕಲ್ಲು ಬೀಳ್ತವಮ್ಮ, ಆನೆಗಾತ್ರದವು!”

“ನಮ್ಮೂರಾಗೆ ಕಲ್ಲು ಬಿಟ್ರೆ ಇನ್ನೇನೈತೆ? ಇನ್ನೂ ನಾಕು ಬಿದ್ರೆ ಗುರುತೂ ಸಿಗಲ್ಲ.”

“ಸಮುದ್ರ ನುಗ್ಗಿ ಬರುತ್ತಮ್ಮ!”

“ಮೊಳಕಾಲ್ಮೂರಿಗಾ? ಬರ್ಲಿ ಬಿಡ್ರಿ. ಕೆರೆ ತುಂಬಿ ಎಷ್ಟು ವರ್ಷ ಆತು!”

ಆದರೆ ಊರಿಗೆ ಅತ್ತೆಯ ಧೈರ್ಯ ಎಲ್ಲಿಂದ ಬರಬೇಕು? ಉಡುವವರೇ ಇರುವುದಿಲ್ಲವೆಂದು ಮಗ್ಗಗಳ ಮೇಲೆ ಸೀರೆಗಳು ಅರ್ಧಕ್ಕೇ ನಿಂತವು. ಇದ್ದಷ್ಟು ದಿನ ಉಂಡು ಸಾಯೋಣವೆಂದು ಮನೆಮನೆಯಲ್ಲೂ ಕೋಳಿ ಕೊಯ್ದರು. ಕೋಳಿಗಳ ಪಾಲಿಗೆ ಪ್ರಳಯ ತಿಂಗಳು ಮೊದಲೇ ಬಂತು! ಬಸುರಿಯಾಗಿದ್ದ ನನ್ನ ಹೆಂಡತಿ ಮಾತ್ರ ಊಟ ಬಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೂಲೆ ಹಿಡಿದಳು. ಮಾತಾಡಿಸಿದರೆ ಅಳು. ಎರಡೇ ದಿನದಲ್ಲಿ ಅವಳ ಮುಖ ಬಾಡಿಹೋಯಿತು.

ಅದನ್ನು ನೋಡಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಲೇ, ನಂಗೆ ಅಕ್ಷರ ಕಲಿಸು. ಆ ಪೇಪರ್‌ನಾಗೆ ಏನೈತೋ ನಾನೇ ಓದಿ ನೋಡ್ತೀನಿ.”

“ಅರವತ್ತು ದಾಟೈತಲ್ಲ ಅತ್ತೆ! ನಾನೇ ಹೆಂಗಾದ್ರೂ ಇಸ್ಕೊಂಡು ಓದಿ ಹೇಳ್ತೀನಿ.”

“ನೀ ಓದಿದ್ದನ್ನೂ ನಾ ನಂಬಾಕಿಲ್ಲ.”

ಶುರುವಾಯಿತು ನೋಡಿ ನನ್ನ ಪಾಡು! ಗೋಡೆ, ಹೊಸ್ತಿಲು, ಒರಳುಕಲ್ಲು ಎಲ್ಲೆಲ್ಲೂ ಇದ್ದಿಲಿನ ಅಕ್ಷರಗಳು. ಕಲಿಯುವುದಕ್ಕಿಂತ ಜಗಳವೇ ಹೆಚ್ಚು. “‘ಕ’ ಇರೋವಾಗ ಈ ‘ಖ’ ಯಾಕೋ ಬೇಕಿತ್ತು? ಯಾರಿಗೆ ಹೊಟ್ಟೆ ತುಂಬಿತ್ತು?” ಒತ್ತಕ್ಷರ ಕಂಡರಂತೂ ಸಿಡಿದೇಳುತ್ತಿದ್ದಳು: “ಅದರ ಕಾಲ ಕೆಳಗೆ ಇನ್ನೊಂದು ಕುಂತೈತಲ್ಲ, ಎಬ್ಬಿಸೋ ಅದನ್ನ!” ಪ್ರಳಯ ಬೇಗ ಬಂದರೆ ಸಾಕೆಂದು ಆ ದಿನಗಳಲ್ಲಿ ಬೇಡಿಕೊಂಡವನು ಬಹುಶಃ ನಾನೊಬ್ಬನೇ.

ಗುರುವಾರ ಬಂದೇಬಂತು. ಹಣೆತುಂಬ ವಿಭೂತಿ ಬಳಿದುಕೊಂಡು ಜನ ನಮ್ಮ ಜಗಲಿಯ ಮುಂದೆ ಕೂತರು. ಮೇಷ್ಟ್ರು ಅದೇ ಪತ್ರಿಕೆಯನ್ನು ಕಡೆಯ ಬಾರಿ ಬಿಚ್ಚಿದ್ದಷ್ಟೇ, ಅತ್ತೆ ಫಕ್ಕನೆ ಕಿತ್ತುಕೊಂಡಳು. ಬೆರಳಿಟ್ಟು ಹೊರಟಳು: “ಧೂ... ಮ... ಕೇ...” ‘ತು’ ಬರುವಷ್ಟರಲ್ಲಿ ಬಿಸಿಲೇರಿತು. ‘ಭೂಮಿಗೆ’ ಮುಟ್ಟುವ ಹೊತ್ತಿಗೆ ಮುದುಕರು ತೂಕಡಿಸುತ್ತಿದ್ದರು. “ಬ... ಡಿ... ದ... ರೆ.”

ಬೆರಳು ಅಲ್ಲೇ ನಿಂತಿತು.

“ಮೇಷ್ಟ್ರೇ, ನೀವು ‘ಬಡಿದು’ ಅಂದ್ರಿ. ಇಲ್ಲಿ ‘ಬಡಿದರೆ’ ಅಂತೈತೆ. ಈ ‘ರೆ’ ಅವತ್ತು ಎಲ್ಲಿ ಹೋಗಿತ್ತು?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಓದೋ ಭರದಲ್ಲಿ ಅಮ್ಮ...”

“ಒಂದಕ್ಷರ ನುಂಗಿ ಊರ ಕೋಳಿನೆಲ್ಲ ನುಂಗಿಸಿಬಿಟ್ರಲ್ರಿ!”

‘ಆದರೆ ಹಾಗೆ ಬಡಿಯುವ ಸಂಭವವಿಲ್ಲ’ ಎಂದು ಮೇಷ್ಟ್ರು ಅವತ್ತು ಓದದೇ ಬಿಟ್ಟಿದ್ದ ಕೊನೆಯ ಸಾಲು ಮುಗಿಯುವಾಗ ನಡುಮಧ್ಯಾಹ್ನ. ಪ್ರಳಯದ ಹೊತ್ತು ಯಾವಾಗ ದಾಟಿತೋ ಯಾರಿಗೆ ಗೊತ್ತು! ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: “ಅತ್ತೆ, ಮುದ್ದೆ ಐತಾ?”

ಸಂಜೆ ಅತ್ತೆಯನ್ನು ಹೊಗಳೋಣವೆಂದು ಒಳಗೆ ಹೋದೆ. ಪೆಟ್ಟಿಗೆ ತೆರೆದುಕೊಂಡು, ಮಡಿಕೆ ಸವೆದ ಒಂದು ಕಾಗದ ಹಿಡಿದು ಕೂತಿದ್ದಳು. ಪ್ಲೇಗಿನ ವರ್ಷ ಸೀರೆ ಮಾರಲು ಬಳ್ಳಾರಿಗೆ ಹೋದ ಮಾವ ಅಲ್ಲೇ ತೀರಿಕೊಂಡಿದ್ದರು. ಜೊತೆಗಿದ್ದವರು ಬರೆದ ಸಾವಿನ ಸುದ್ದಿ ಅದು.

“ನಿಮ್ಮಪ್ಪ ಇದನ್ನ ಓದಿ, ‘ಭಾವ ಆರಾಮಾಗಿದಾರಂತೆ ಅಕ್ಕ’ ಅಂದ. ಹೇಳಾಕೆ ಬಾಯಿ ಬರಲಿಲ್ಲ ಅವನಿಗೆ, ಪಾಪ. ಹದಿನೈದು ದಿನ ನಾನು ಹೂ ಮುಡ್ಕೊಂಡು ಓಡಾಡಿದೆ ಕಣೋ.”

ಅವಳು ಕಾಗದದ ಮೇಲೆ ಬೆರಳಿಟ್ಟು ಓದತೊಡಗಿದಳು. ಎರಡನೇ ಸಾಲಿನಲ್ಲಿ ತಡೆದಳು. ಒತ್ತಕ್ಷರವಿರಬೇಕೆಂದು ನಾನು ಬಗ್ಗಿ ನೋಡಿದೆ; ಇರಲಿಲ್ಲ. ಅದು ಮಾವನ ಹೆಸರು. ಗಂಡನ ಹೆಸರು ಹೇಳಬಾರದೆಂದು ಬೆಳೆದ ಅವಳ ಬಾಯಲ್ಲಿ ಅದು ಒಂದು ದಿನವೂ ಬಂದದ್ದಿಲ್ಲ.

“ನಾ ಓದ್ಲಾ ಅತ್ತೆ?”

“ಬ್ಯಾಡ.”

ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಆ ಹೆಸರನ್ನು ಓದಿದಳು.