ಐದು ಬೆಕ್ಕುಗಳ ಪಂಕ್ತಿ

ನನ್ನ ಭಾವನ ಮನೆಗೆ ಹೋಗುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ನಿಮಗೆ ಯಾರೂ ಕುರ್ಚಿ ಕೊಡುವುದಿಲ್ಲ. ಅದು ಸೊಕ್ಕಲ್ಲ. ಮನೆಯಲ್ಲಿ ಕುರ್ಚಿಗಳು ನಾಲ್ಕು, ಬೆಕ್ಕುಗಳು ಐದು, ಅಲ್ಲಿಗೆ ಮುಗಿಯಿತು. ಭಾವನೇ ನೆಲದ ಮೇಲೆ ಮಣೆ ಹಾಕಿಕೊಂಡು ಕೂರುವಾಗ ನಿಮಗೆ ಕುರ್ಚಿ ಎಲ್ಲಿಂದ ಬರಬೇಕು?

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಕಡೆಯ ರೂಢಿಯಂತೆ ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ. ಶಿರಸಿ ಪೇಟೆಯಲ್ಲಿ, ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಅವರ ಮನೆ. ತಾವು ಮದುವೆಯಾಗಲಿಲ್ಲ, ಆದರೆ ಸುತ್ತಮುತ್ತ ಅವರಿಲ್ಲದೆ ಮದುವೆಯ ಊಟ ನಡೆಯುವುದಿಲ್ಲ. ಅಡುಗೆ ಅವರಿಗೆ ಬಾರದು, ಬಡಿಸುವಷ್ಟು ಹೊತ್ತು ಸೊಂಟ ಬಗ್ಗದು. ಅವರ ಕೆಲಸ ಪಂಕ್ತಿ ಕೂರಿಸುವುದು. ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ಬೇಲಿ ಯಾರ ಕಡೆ ಎರಡು ಮಾರು ಸರಿದಿದೆ, ಯಾವ ಅತ್ತೆ ಯಾವ ಬೀಗಿತ್ತಿಯ ಮುಖ ನೋಡುವುದಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠ. ಜೇಬಿನಲ್ಲಿ ಒಂದು ಸೀಮೆಸುಣ್ಣ ಇಟ್ಟುಕೊಂಡು ಚಪ್ಪರದ ನೆಲದ ಮೇಲೆ ಗೆರೆ ಎಳೆಯುತ್ತಾರೆ. ಗೆರೆಯ ಮೇಲೆ ಬಾಳೆಲೆ ಬೀಳುತ್ತದೆ, ಎಲೆಯ ಮುಂದೆ ಅವರು ಹೇಳಿದವರೇ ಕೂರುತ್ತಾರೆ.

"ಮಾತು ಬಿಟ್ಟವರನ್ನ ಎದುರುಬದುರು ಕೂರ್ಸಲಾಗ ಭಾವಾ," ಎಂದು ಒಮ್ಮೆ ನನಗೆ ಪಾಠ ಹೇಳಿದ್ದರು. "ಒಂದೇ ಸಾಲಲ್ಲಿ ಕೂರ್ಸು. ಮಧ್ಯ ಒಬ್ಬ ಕಿವಿ ಕೇಳದವನ್ನ ಹಾಕು. ಪಾಯಸ ಬಪ್ಪ ಹೊತ್ತಿಗೆ ಇಂವ ಅವನ ಎಲೆ ನೋಡ್ತ."

ಹುಲಗೋಳದ ಒಂದು ಮದುವೆಯಲ್ಲಿ ಹೀಗೆಯೇ ಕೂರಿಸಿದ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ, ಬಡಿಸುವವನಿಗೆ "ಅವಂಗೆ ಇನ್ನೊಂದು ಹೋಳಿಗೆ ಹಾಕು" ಎಂದನಂತೆ. ಹನ್ನೆರಡು ವರ್ಷದ ಮೇಲೆ ಅಣ್ಣ ತಮ್ಮನ ಬಗ್ಗೆ ಆಡಿದ ಮೊದಲ ಮಾತು ಅದು. ಆ ಮದುವೆಯ ಗಂಡು ಹೆಣ್ಣಿನ ಹೆಸರು ಭಾವನಿಗೆ ನೆನಪಿಲ್ಲ. ಹೋಳಿಗೆ ಮಾತ್ರ ನೆನಪಿದೆ.

ಬೆಕ್ಕುಗಳು ಒಂದೊಂದಾಗಿ ಇಂಥ ಊಟಗಳಿಂದಲೇ ಬಂದವು. ಅಡುಗೆ ಒಲೆಯ ಹತ್ತಿರ ಅನಾಥವಾಗಿ ಸುತ್ತುತ್ತಿದ್ದ ಮರಿಯೊಂದು ಭಾವನ ಚೀಲದಲ್ಲಿ ಶಿರಸಿಗೆ ಬರುತ್ತಿತ್ತು. ಹೆಸರಿಡುವ ಗೋಜಿಗೆ ಅವರು ಹೋಗಲಿಲ್ಲ. ಮದುವೆಯಾಗಿ ಬಂದ ಹೆಂಗಸರನ್ನು ತವರೂರಿನಿಂದ ಗುರುತಿಸುವಂತೆ ಒಂದು ಹುಲಗೋಳದ್ದು, ಒಂದು ದಾಸನಕೊಪ್ಪದ್ದು, ಒಂದು ಸೋಂದಾದ್ದು. ನಾಲ್ಕನೆಯದು ಮಾತ್ರ ಊಟದ್ದಲ್ಲ, ಬಸ್‌ಸ್ಟ್ಯಾಂಡಿನದ್ದು. ಅದರ ತವರು ದೊಡ್ಡದು, ಹಾಗಾಗಿ ಅದಕ್ಕೆ ಜಂಬವೂ ಜಾಸ್ತಿ.

ಐದನೆಯದನ್ನು ತಂದವನು ನಾನು.

ನನ್ನ ಹೆಂಡತಿ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ನಮಗೆ ಮಕ್ಕಳಿಲ್ಲ. ಸಿದ್ದಾಪುರದ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವಳು ಸಾಕಿದ ಬೆಕ್ಕು. ಆಸ್ಪತ್ರೆಯಲ್ಲಿದ್ದಾಗ ಅವಳು ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು, ಬೆಕ್ಕನ್ನು ಒಂಟಿಯಾಗಿ ಬಿಡಬಾರದು ಎಂದು: "ಅದನ್ನ ಒಂದೇ ಬಿಡಡಿ. ಜನ ಇಪ್ಪ ಮನೆಲಿ ಇರ್ಲಿ." ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವ, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಬೆಕ್ಕು ದಿನವಿಡೀ ಗೇಟಿನ ಬಳಿ ಕೂರುತ್ತಿತ್ತು. ಅನ್ನ ಸರಿಯಾಗಿ ಮುಟ್ಟುತ್ತಿರಲಿಲ್ಲ. ನಾನೂ ಎರಡು ಮೀಟರ್ ಕೇಳಿದವರಿಗೆ ಮೂರು ಮೀಟರ್ ಕತ್ತರಿಸಿ ಕೊಡತೊಡಗಿದೆ. ಮಾಲೀಕರು ಒಳ್ಳೆಯವರು. "ಒಂದು ತಿಂಗಳು ಎಲ್ಲಾದರೂ ಹೋಗಿ ಬಾ" ಎಂದು ಕತ್ತರಿ ತೆಗೆದಿಟ್ಟರು.

ಯಲ್ಲಾಪುರದ ಪರಿಚಯದ ವ್ಯಾಪಾರಿಯೊಬ್ಬರು ಇಲಿ ಕಾಟಕ್ಕೆಂದು ಬೆಕ್ಕನ್ನು ತಮ್ಮ ಗೋದಾಮಿಗೆ ಕೇಳಿದ್ದರು. ಗೋದಾಮಿಗೆ ಸಂಜೆ ಬೀಗ ಬೀಳುತ್ತದೆ, ಒಳಗೆ ಜನ ಇರುವುದಿಲ್ಲ. ಅಲ್ಲಿಗೆ ಕೊಟ್ಟರೆ ಹೆಂಡತಿಗೆ ಕೊಟ್ಟ ಮಾತು ಮುರಿದಂತೆ. ಬುಟ್ಟಿಯಲ್ಲಿ ಬೆಕ್ಕನ್ನು ಹಾಕಿಕೊಂಡು ಶಿರಸಿಯ ಬಸ್ಸು ಹತ್ತಿದೆ.

ಹೋದವನು ಮಾಡಿದ್ದೇನು? ಬುಟ್ಟಿಯನ್ನು ನಾಲ್ಕು ಕುರ್ಚಿಗಳ ನಡುವೆ ಇಟ್ಟು ಮುಚ್ಚಳ ತೆಗೆದೆ. ಮುಂದಿನ ಒಂದು ನಿಮಿಷದಲ್ಲಿ ಕಿಟಕಿಯ ಪರದೆ ಹರಿಯಿತು, ಕ್ಯಾಲೆಂಡರ್ ಬಿತ್ತು, ಬಸ್‌ಸ್ಟ್ಯಾಂಡಿನದ್ದು ನನ್ನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು ಅಟ್ಟ ಹತ್ತಿತು. ನಮ್ಮ ಬೆಕ್ಕು ಅಕ್ಕಿ ಡಬ್ಬದ ಹಿಂದೆ ಸೇರಿಕೊಂಡಿತು.

ಭಾವ ಮಣೆಯಿಂದ ಏಳಲೂ ಇಲ್ಲ. "ಬಪ್ಪ ನೆಂಟರನ್ನ ಸೀದಾ ಪಂಕ್ತಿ ಮಧ್ಯ ತಂದು ಒಗದ್ಯಲ ಮಾರಾಯಾ," ಎಂದರು. "ಕಾಲಿಗೆ ನೀರು ಕೊಡದು ಬ್ಯಾಡ್ದ? ಒಂದು ತಿಂಗಳು ಕೊಡು ಎಂಗೆ. ಆಗ್ದೇ ಹೋದ್ರೆ ನೀ ಹೇಳಿದ ಯಲ್ಲಾಪುರಕ್ಕೆ ಕಳ್ಸು."

ತಮ್ಮ ಮಲಗುವ ಕೋಣೆಯನ್ನು ಬೆಕ್ಕಿಗೆ ಬಿಟ್ಟುಕೊಟ್ಟು ಬಾಗಿಲು ಹಾಕಿದರು. ತಾವು ನನ್ನ ಜೊತೆ ಹೊರಗೆ ಚಾಪೆ ಹಾಸಿಕೊಂಡರು. ಒಳಗಿದ್ದದ್ದಕ್ಕೆ ಅಂದಿನಿಂದ ಸಿದ್ದಾಪುರದ್ದು ಎಂದು ಹೆಸರಾಯಿತು.

ಎರಡನೆಯ ದಿನದಿಂದ ಮಾತುಕತೆ ಶುರು. ಒಂದು ಹಳೆಯ ಪಂಚೆಯನ್ನು ಐದು ತುಂಡು ಮಾಡಿ, ಒಂದೊಂದು ಬೆಕ್ಕಿನ ಕೆನ್ನೆಗೆ ಒಂದೊಂದನ್ನು ಉಜ್ಜಿ, ಇದರದ್ದನ್ನು ಅದರ ಹಾಸಿಗೆಯಲ್ಲಿ, ಅದರದ್ದನ್ನು ಇದರ ಹಾಸಿಗೆಯಲ್ಲಿ ಇಡುತ್ತಿದ್ದರು. ವಾಸನೆಯಿಂದ ಮೊದಲು ಪರಿಚಯ, ಮುಖ ಆಮೇಲೆ. ಭಾವ ಆ ತುಂಡು ಹಿಡಿದು ಹುಲಗೋಳದ್ದರ ಮುಂದೆ ಬಗ್ಗಿ ನಿಲ್ಲುವುದನ್ನು ನೋಡಿದರೆ ಮನೆಮನೆಗೆ ಮದುವೆ ಕರೆಯಲು ಹೋದವರಂತೆ ಕಾಣುತ್ತಿದ್ದರು. ಕುಂಕುಮ ಹಚ್ಚುವುದೊಂದು ಬಾಕಿ.

ನಾನು ಸುಮ್ಮನೆ ಕೂತು ಉಣ್ಣುವುದು ಸರಿಯಲ್ಲ ಎಂದು ಒಂದು ಬೆಳಿಗ್ಗೆ ಆ ಐದೂ ತುಂಡುಗಳನ್ನು ಸಾಬೂನು ಹಾಕಿ ಚೆನ್ನಾಗಿ ಒಗೆದು ಹಗ್ಗಕ್ಕೆ ಹಾಕಿದೆ. ಭಾವ ಬಂದು ಹಗ್ಗದ ಮುಂದೆ ನಿಂತರು.

"ಒಂದು ವಾರದ ಮಾತುಕತೆ ತೊಳದು ಹಾಕಿದ್ಯಲ ಭಾವಾ."

"ಕೊಳೆಯಾಗಿತ್ತು."

"ಕೊಳೆ ಅಲ್ದೋ ಅದು. ಒಪ್ಪಂದ."

ಮತ್ತೆ ಮೊದಲಿನಿಂದ ಕೆನ್ನೆ ಉಜ್ಜಿದರು.

ಎರಡನೆಯ ವಾರ ತಟ್ಟೆಗಳು ಬಂದವು. ಬಾಗಿಲಿನ ಒಳಗೆ ಒಂದು, ಹೊರಗೆ ನಾಲ್ಕು. ದಿನಕ್ಕೆ ಒಂದು ಗೇಣು ಹತ್ತಿರ. ಜೇಬಿನ ಸೀಮೆಸುಣ್ಣ ಹೊರಗೆ ಬಂತು. ಗೆರೆ ಎಳೆದು, ಗೆರೆಯ ಮೇಲೆ ತಟ್ಟೆ ಇಟ್ಟು, ಯಾವುದಕ್ಕೂ ಇನ್ನೊಂದರ ಕಣ್ಣು ಸಿಗದಂತೆ ಒಂದೇ ಸಾಲು. ಹುಲಗೋಳದ್ದು ಮುದಿ, ಅದಕ್ಕೆ ನಿಜವಾಗಿಯೂ ಕಿವಿ ಕೇಳುವುದಿಲ್ಲ. ಮಧ್ಯದ ಜಾಗ ಯಾರಿಗೆ ಎಂದು ಬೇರೆ ಹೇಳಬೇಕೆ?

ಪಕ್ಕದ ಮನೆಯ ಹಾವೇರಿ ಕಡೆಯ ಹೆಂಗಸೊಬ್ಬರು ಕಿಟಕಿಯಲ್ಲಿ ನಿಂತು ಇದನ್ನು ದಿನಾ ನೋಡುತ್ತಿದ್ದರು.

"ಏನ್ರೀ, ಬೆಕ್ಕಿಗೂ ಪಂಕ್ತಿ ಊಟಾನ? ದಕ್ಷಿಣಿ ಎಷ್ಟ್ ಕೊಡ್ತೀರಿ?"

"ಕೊಟ್ರೂ ತಗತ್ವಿಲ್ಲೆ ಅಕ್ಕಾ. ಮನುಷ್ಯರಷ್ಟು ಕಲ್ತಿದ್ವಿಲ್ಲೆ."

"ನಮ್ ಮನ್ಯಾಗ ಅತ್ತಿ ಸೊಸಿ ಅದಾರ. ಅವ್ರಿಗೂ ಒಂದ್ ಗೆರಿ ಎಳದ್ ಕೊಡ್ರಲಾ."

"ಅದಕ್ಕೆ ಈ ಸೀಮೆಸುಣ್ಣ ಸಾಕಾಗ್ತಿಲ್ಲೆ," ಎಂದು ಭಾವ ತಟ್ಟೆಗೆ ಹಾಲನ್ನ ಹಾಕುತ್ತ ಹೋದರು.

ಮೂರನೆಯ ವಾರ ಮುಗಿಯುವಾಗ ಬಾಗಿಲು ತೆರೆದೇ ಇರುತ್ತಿತ್ತು. ಜಗಳವಿಲ್ಲ. ಸಿದ್ದಾಪುರದ್ದು ಹೊರಗೆ ಬಂದು ತನ್ನ ಗೆರೆಯ ಮೇಲೆ ಕೂರುತ್ತಿತ್ತು. ಬಸ್‌ಸ್ಟ್ಯಾಂಡಿನದ್ದೂ ಗುರುಗುಟ್ಟುವುದನ್ನು ಬಿಟ್ಟಿತ್ತು. ಭಾವನ ಪ್ರಕಾರ ಅದು ಪಾಯಸದ ಹೊತ್ತು.

ಆದರೆ ಸಿದ್ದಾಪುರದ್ದು ಉಣ್ಣುತ್ತಿರಲಿಲ್ಲ. ನಾಲ್ಕೂ ತಟ್ಟೆ ನೆಕ್ಕಿ ಏಳುವವರೆಗೆ ಸುಮ್ಮನೆ ಕೂತು ಒಳಗೆ ಹೋಗುತ್ತಿತ್ತು. ಬೆಳಗಿನ ಜಾವ ಯಾರೂ ಇಲ್ಲದಾಗ ನಾಲ್ಕು ಅಗುಳು ಮುಟ್ಟುತ್ತಿತ್ತೋ ಏನೋ. ಎತ್ತಿಕೊಂಡರೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ಪಶುವೈದ್ಯರು ನೋಡಿ, ರೋಗ ಕಾಣಿಸುತ್ತಿಲ್ಲ, ಹೇಗಾದರೂ ಉಣ್ಣಿಸಿ ಎಂದರು. ಭಾವ ಮೀನು ತರಿಸಿದರು. ಅವರ ಅಡುಗೆಮನೆಗೆ ಮೀನು ಎಂದೂ ಬಂದದ್ದಿಲ್ಲ, ಹಿತ್ತಿಲಲ್ಲಿ ಮೂಗು ಮುಚ್ಚಿಕೊಂಡು ತಾವೇ ಬೇಯಿಸಿದರು. ಉಳಿದ ನಾಲ್ಕಕ್ಕೆ ಅಂದು ಹಬ್ಬ. ಸಿದ್ದಾಪುರದ್ದು ಮೂಸಿಯೂ ನೋಡಲಿಲ್ಲ.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಯಲ್ಲಾಪುರದವರು ಮೊಬೈಲಿಗೆ ಸಂದೇಶ ಕಳಿಸಿದರು. ಶಿರಸಿಗೆ ಗಾಡಿ ಬರುತ್ತದೆ, ಬೆಕ್ಕನ್ನು ಅದರಲ್ಲೇ ಕಳಿಸಬಹುದು ಎಂದು. ನಾನು ಅದನ್ನು ಭಾವನಿಗೆ ಓದಿ ಹೇಳಿದೆ. ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ನೆಲದ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಬೆಕ್ಕುಗಳ ಸಾಲು.

ಭಾವ ಅನ್ನ ಕಲೆಸುವುದನ್ನು ನಿಲ್ಲಿಸಿದರು. "ತಂಗಿ ಇದಕ್ಕೆ ಹೆಂಗೆ ಊಟ ಹಾಕ್ತಿತ್ತು?"

ನಾನು ಬಂದು ತಿಂಗಳಾಗುತ್ತ ಬಂದಿತ್ತು. ಆ ಮನೆಯಲ್ಲಿ ಅವಳ ಸುದ್ದಿ ಬಂದದ್ದು ಅದೇ ಮೊದಲು. ಅವರು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಇಡೀ ತಾಲೂಕಿನ ಮಾತು ಬಿಟ್ಟವರನ್ನು ಮಾತಾಡಿಸಿದವರ ಮನೆಯಲ್ಲಿ ನಾವಿಬ್ಬರು ಬೆಕ್ಕಿನ ವಿಷಯ ಮಾತ್ರ ಮಾತಾಡಿಕೊಂಡು ದಿನ ಕಳೆದಿದ್ದೆವು.

"ಅವಳು ಹತ್ತಿರ ಕೂತು ಕಥೆ ಹೇಳುತ್ತಿದ್ದಳು," ಎಂದೆ. "ಹಾಲಿನವ ತಡವಾಗಿ ಬಂದ, ಪಕ್ಕದವರ ಮಗು ನಡೆಯಲು ಶುರುಮಾಡಿತು, ಹೀಗೆ ಏನೋ. ಮಾತು ಕೇಳುತ್ತ ಉಣ್ಣುತ್ತಿತ್ತು."

"ಇದನ್ನ ಮೊದಲೇ ಹೇಳುಲೆ ಎಂತ ಆಗಿತ್ತು ನಿಂಗೆ?"

ನಾನು ಸಿದ್ದಾಪುರದ್ದರ ತಟ್ಟೆಯನ್ನು ಅದರ ಮುಂದಕ್ಕೆ ಸರಿಸಿದೆ.

"ಹಂಗಾರೆ ಹೇಳು."

"ಏನು ಹೇಳಲಿ?"

"ಅವಳ ಸುದ್ದಿನೇ ಹೇಳು."

ನಾನು ಮಾತಿನವನಲ್ಲ. ಅಂಗಡಿಯಲ್ಲೂ ಬಟ್ಟೆಯ ಅಗಲ ಬಿಟ್ಟು ಬೇರೆ ಮಾತಿಲ್ಲ. ಆದರೂ ಶುರುಮಾಡಿದೆ. ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ಮೊದಲ ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು, ನಾನು ಚೆನ್ನಾಗಿದೆ ಎಂದದ್ದು, ಮರುದಿನ ಅವಳು ಅಷ್ಟೇ ಉಪ್ಪು ಹಾಕಿ ಮಾಡಿದ್ದು. ಭಾವ ನಕ್ಕರು. ನಕ್ಕು, ಅವಳು ಆರು ವರ್ಷದವಳಿದ್ದಾಗ ನೆಂಟರ ಮನೆಯ ಊಟದಲ್ಲಿ ಅಣ್ಣನ ಪಕ್ಕ ಕೂರಿಸಲಿಲ್ಲ ಎಂದು ಎಲೆ ಬಿಟ್ಟೆದ್ದು ಕಂಬ ತಬ್ಬಿಕೊಂಡು ನಿಂತದ್ದನ್ನು ಹೇಳಿದರು. "ಅಂದು ಅವಳ ಅಣ್ಣ ಆದ ಆನೇ ಹೋಗಿ ಸಾಲು ಬದಲು ಮಾಡ್ಸಿ ಕೂರ್ಸಿದ್ದು. ಪಂಕ್ತಿ ಕೂರ್ಸುಲೆ ಶುರು ಮಾಡಿದ್ದೇ ಅಲ್ಲಿಂದ."

ಇದು ನನಗೆ ಗೊತ್ತಿರಲಿಲ್ಲ. ಮತ್ತೊಂದು ಹೇಳಿ ಎಂದೆ. ಅವರು ಹೇಳಿದರು, ನಾನು ಹೇಳಿದೆ. ಕೈ ಒಣಗಿತು. ಮಜ್ಜಿಗೆಯ ಪಾತ್ರೆ ಎಳೆದುಕೊಳ್ಳಲು ತಿರುಗಿದಾಗ ನೋಡಿದೆ: ಸಿದ್ದಾಪುರದ್ದು ತಟ್ಟೆಗೆ ಮುಖ ಹಾಕಿ, ಅವಸರವಿಲ್ಲದೆ, ಒಂದೊಂದೇ ಅಗುಳು ತಿನ್ನುತ್ತಿತ್ತು. ಬಸ್‌ಸ್ಟ್ಯಾಂಡಿನದ್ದು ತನ್ನ ತಟ್ಟೆ ಮುಗಿಸಿಯೂ ಎದ್ದಿರಲಿಲ್ಲ. ಪಕ್ಕದ ಎಲೆ ಮುಗಿಯದೆ ಏಳಬಾರದು ಎನ್ನುವಂತೆ ಕೂತಿತ್ತು.

ಯಲ್ಲಾಪುರದವರಿಗೆ ಬೇರೆ ಬೆಕ್ಕು ಸಿಕ್ಕಿದೆ. ನಾನು ಈಗ ಶಿರಸಿಯಿಂದಲೇ ಬಸ್ಸಿನಲ್ಲಿ ಅಂಗಡಿಗೆ ಹೋಗಿ ಬರುತ್ತೇನೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ, ಐದು ಮತ್ತು ಎರಡು. ಅವಳ ವಿಷಯ ದಿನಾ ಏನಾದರೂ ಒಂದು ಇರುತ್ತದೆ. ಕೆಲವು ದಿನ ನಡುವೆ ನನ್ನ ಮಾತು ನಿಲ್ಲುತ್ತದೆ. ಆಗ ಸಿದ್ದಾಪುರದ್ದು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತದೆ. ಭಾವನೂ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಾರೆ.

"ಮುಂದೆ ಹೇಳೋ ಭಾವಾ," ಎನ್ನುತ್ತಾರೆ, "ಅದು ಕಾಯ್ತಾ ಇದ್ದು."