ಟೈಲರ್ ಮಾಸ್ಟರು ಬಿಚ್ಚಿ ಹೊಲಿದ ತೋಟ

"ನಾಳೆ ಸಂಜೆಯೊಳಗೆ ಈ ಅಂಗಳ ನೋಡಿ ಬೀದಿಗೆ ಬೀದಿಯೇ ಬಾಯಿ ಬಿಟ್ಕೊಂಡು ನಿಲ್ಲದಿದ್ರೆ, ನಾನು ಕತ್ತರಿ ಹಿಡಿದವನೇ ಅಲ್ಲ!"

ಶನಿವಾರ ಬೆಳಿಗ್ಗೆ ಟೈಲರ್ ಮಾಸ್ಟರು ಹೀಗೆ ಘೋಷಿಸಿದಾಗ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಭಾನುವಾರ ಸಂಜೆ ಐದರ ಬಸ್ಸಿಗೆ ವಾಪಸ್ಸು. ಮಾಸ್ಟರ ಸಿಟ್ಟಿಗೆ ಕಾರಣವಿತ್ತು. ಹಿಂದಿನ ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ, "ನಿಮ್ಮ ಮನೆ ಮುಂದೇನೇ ಹಾದು ಬಂದೆ ಮಾಸ್ಟ್ರೇ. ಅಂಗಳದಲ್ಲಿ ಬರೀ ಅಸ್ತರು ಇದೆ, ಬಟ್ಟೆ ಎಲ್ಲಿ?" ಎಂದು ನಕ್ಕಿದ್ದ. ಅಸ್ತರಂತೆ! ಇಪ್ಪತ್ತೆರಡು ವರ್ಷ ಊರಿನ ಮಾನ ಮುಚ್ಚಿದವರಿಗೆ ಈ ಮಾತೇ!

ನಿಜ ಹೇಳಬೇಕೆಂದರೆ ಅಂಗಳದಲ್ಲಿದ್ದದ್ದು ಒಂದಿಷ್ಟು ಮೋಟು ಕಡ್ಡಿಗಳು. ಚೆನ್ನಾಗಿ ಚಿಗುರಲೆಂದು ಹೆಂಡತಿ ಎಲ್ಲವನ್ನೂ ಸವರಿ ಹೋಗಿದ್ದಳು. ಮಾಸ್ಟರಿಗೆ ಅದು ಗೊತ್ತಿರಲಿಲ್ಲ. ಬೆಳಕು ಹರಿಯುವ ಮೊದಲು ಅಂಗಡಿಗೆ ಹೋಗಿ ಕತ್ತಲಾದ ಮೇಲೆ ಬರುವವರು ಅವು ಹೂ ಬಿಟ್ಟದ್ದನ್ನು ಕಂಡಿದ್ದರೆ ತಾನೆ!

"ಹಳೇದನ್ನ ಬಿಚ್ಚದೆ ಹೊಸದು ಹೊಲಿಯೋಕಾಗುತ್ತಾ?" ಎಂದು ಗುದ್ದಲಿ ಹಿಡಿದರು. ಮಧ್ಯಾಹ್ನದೊಳಗೆ ಒಂದು ಕಡ್ಡಿಯನ್ನೂ ಬಿಡದೆ ಕಿತ್ತು ಕಸದ ಗಾಡಿಗೆ ತುಂಬಿದರು. ಭಾನುವಾರ ಮಧ್ಯಾಹ್ನ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಸ್ಫೂರ್ತಿ ಅರಸುತ್ತ ಊರಿನ ತೋಟಗಳ ದಿಗ್ವಿಜಯಕ್ಕೆ ಹೊರಟರು.

ಮೊದಲು ಹಲ್ಲಿನ ಡಾಕ್ಟರ ಮನೆ. ಬಾಗಿಲ ಕಮಾನಿನ ತುಂಬ ನೀಲಿ ಹೂವಿನ ಬಳ್ಳಿ! ಮಾಸ್ಟರು ಬೆರಗಾಗಿ ಬಾಯಿ ತೆರೆದರು. ಡಾಕ್ಟರು ಅಭ್ಯಾಸಬಲದಿಂದ ಒಳಗೆ ಇಣುಕಿದರು.

"ಹಲ್ಲಲ್ಲ ಡಾಕ್ಟ್ರೇ, ಬಳ್ಳಿ! ಯಾವ ದೇಶದಿಂದ ತರಿಸಿದ್ರಿ?"

"ನಿಮ್ಮನೆಯಿಂದ! ನಿಮ್ಮ ಮನೆಯವರೇ ಕೊಟ್ಟಿದ್ದು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ!"

ಮಾಸ್ಟರ ಎದೆಗೆ ಸೂಜಿ ಚುಚ್ಚಿದಂತಾಯಿತು. ನಿನ್ನೆ ಬಾಗಿಲ ಬಳಿ ಕಿತ್ತೆಸೆದ ಆ ಒಣಕಲು ಬೇರು! ಆದರೆ ತಪ್ಪು ತಮ್ಮದೆಂದು ಒಪ್ಪುವ ಪೈಕಿಯಲ್ಲ ಅವರು. "ನನ್ನ ಮನೇಲಿ ಇಂಥದ್ದಿತ್ತು ಅಂತ ನನಗೇ ಯಾರೂ ಹೇಳಿಲ್ವಲ್ಲ! ಇದ್ಯಾವ ನ್ಯಾಯ?" ಎಂದು ಸಿಡಿಮಿಡಿಗುಟ್ಟುತ್ತ ಒಂದು ತುಂಡು ಬಳ್ಳಿ ಬೇಡಿ ಪಡೆದರು.

ಮುಂದೆ ಲೈಬ್ರರಿ ಮೇಡಂ ಮನೆ. ಅಲ್ಲಿ ಪ್ರತಿ ಗಿಡಕ್ಕೂ ಪುಸ್ತಕಕ್ಕೆ ಅಂಟಿಸಿದ ಹಾಗೆ ಚೀಟಿ. ಕೆಂಡದಂಥ ಎಲೆಯ ಗಿಡದ ಚೀಟಿಯಲ್ಲಿ, "ಕೊಟ್ಟವರು: ಟೈಲರ್ ಮಾಸ್ಟರ ಮನೆಯಾಕೆ." ಪಕ್ಕದ್ದರಲ್ಲಿ, "ಅವರೇ." ಅದರ ಪಕ್ಕದ್ದರಲ್ಲಿ, "ಮತ್ತೂ ಅವರೇ."

"ಒಂದೊಂದು ತುಂಡು ಕೊಡ್ತೀರಾ ಮೇಡಂ?"

"ನಿಮ್ಮದನ್ನೇ ನಿಮಗೆ ಕೊಡೋದಾ? ನಿಮ್ಮಲ್ಲಿದ್ದಿದ್ದು ಏನಾಯ್ತು?"

"ಅದು... ಯಾರೋ ಕಿತ್ಹಾಕಿದಾರೆ."

"ಯಾರ್ರೀ ಆ ಪಾಪಿ? ಕೈಗೆ ಸಿಕ್ಕಿದ್ರೆ ಸುಮ್ನೆ ಬಿಡಬೇಡಿ!"

"ಬಿಡ್ತೀನಾ!" ಎಂದರು ಮಾಸ್ಟರು, ರೋಷದಿಂದ.

ಮೇಡಂ ಒಂದೊಂದು ತುಂಡು ಕತ್ತರಿಸಿ ಕೊಡುತ್ತ, ಇನ್ನೊಂದು ಉಳಿಯಿತು ಎಂದರು: ಹಳದಿ ಗುಲಾಬಿ. ಹೆಂಡತಿ ಮಗುವಿನಂತೆ ಸಾಕಿದ್ದದ್ದು. "ಅದು ರೆಡಿಮೇಡ್ ಅಂಗಡಿಯವರ ಮನೇಲಿ ಮಾತ್ರ ಇದೆ" ಎಂದರು ಮೇಡಂ. ರೆಡಿಮೇಡ್ ಅಂಗಡಿಯವ! ಮಾಸ್ಟರ ಅಂಗಡಿ ಎದುರಿಗೇ ಅಂಗಡಿ ತೆರೆದು ಗಿರಾಕಿಗಳನ್ನೆಲ್ಲ ಸೆಳೆದುಕೊಂಡವನು! ಐದು ವರ್ಷದಿಂದ ಅವನೊಂದಿಗೆ ಮಾತಿಲ್ಲ, ಕತೆಯಿಲ್ಲ. ಅವನಿಗೂ ನಮ್ಮ ಗುಲಾಬಿಯೇ! ಮಾಸ್ಟರ ಮೈಯೆಲ್ಲ ಉರಿದುಹೋಯಿತು. ಆದರೆ ಗಂಟೆ ಆಗಲೇ ನಾಲ್ಕು.

ಆತ ಮಾತ್ರ ನಗುನಗುತ್ತ ಬಾಗಿಲು ತೆರೆದ. "ಬನ್ನಿ ಮಾಸ್ಟ್ರೇ! ಅಕ್ಕ ಕೊಟ್ಟ ಗಿಡ, ಎಷ್ಟು ಬೇಕೋ ತಗೊಳ್ಳಿ."

"ಅಕ್ಕನಾ! ಯಾವಾಗಿಂದ?" ಎಂದು ಗುಡುಗಿದ ಮಾಸ್ಟರು ಅವಸರದಲ್ಲಿ ಗಿಡದೊಳಗೆ ನುಗ್ಗಿದರು. ಮುಳ್ಳು ಅವರ ಅಂಗಿಯನ್ನು ತೋಳಿನಿಂದ ಬೆನ್ನಿನವರೆಗೆ ಪರ್ರೆಂದು ಸೀಳಿತು. ಹರಕಂಗಿಯಲ್ಲಿ ಬೀದಿ ದಾಟುವ ಟೈಲರ್! ಅದಕ್ಕಿಂತ ಬೇರೆ ಅವಮಾನ ಉಂಟೆ? ಉಂಟು ಎಂಬಂತೆ ಆತ ಒಳಗಿನಿಂದ ಹೊಸ ಅಂಗಿಯೊಂದನ್ನು ತಂದು ತೊಡಿಸಿಯೇಬಿಟ್ಟ. ಮಾಸ್ಟರು ಹಲ್ಲು ಕಚ್ಚಿಕೊಂಡು ಗುಂಡಿ ಹಾಕಿಕೊಂಡರು.

ಮನೆಗೆ ಓಡಿಬಂದು, ತಂದದ್ದನ್ನೆಲ್ಲ ಸಾಲಾಗಿ ನೆಟ್ಟು ನೀರು ಹಾಕುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಹೆಂಡತಿ ಬ್ಯಾಗು ಕೆಳಗಿಟ್ಟು ಅಂಗಳವನ್ನೇ ನೋಡುತ್ತ ನಿಂತಳು. ಬೈಸಿಕೊಳ್ಳುವ ಮೊದಲೇ ಬೈದುಬಿಡುವುದು ಜಾಣತನವೆಂದು ಮಾಸ್ಟರು ಸಿಡಿದರು:

"ಏನೇ ಇದು? ಊರಿಗೆಲ್ಲ ಗಿಡ ಹಂಚಿದ್ದೀಯ, ನನಗೊಂದು ಮಾತು ಹೇಳಿದ್ಯಾ? ಆ ರೆಡಿಮೇಡಿನವನಿಗೂ!"

"ಎಲ್ಲಾ ಕಿತ್ಬಿಟ್ರಾ?"

"...ಎಲ್ಲಾ."

ಆಕೆ ಸಾಲಿನುದ್ದಕ್ಕೂ ನಡೆದು ಒಂದೊಂದೇ ಕಡ್ಡಿ ನೋಡಿದಳು. ಆಮೇಲೆ ಬಗ್ಗಿ, ಗುಲಾಬಿ ಕಡ್ಡಿಯನ್ನು ಕಿತ್ತು, ತಿರುಗಿಸಿ ನೆಟ್ಟು, ಮಣ್ಣು ಒತ್ತಿದಳು. "ಹೋಗ್ಲಿ ಬಿಡಿ. ಹಂಚಿದ್ದಕ್ಕೆ ತಾನೆ ಇವತ್ತು ವಾಪಸ್ ಸಿಕ್ಕಿದ್ದು? ತಲೆಕೆಳಗಾಗಿ ನೆಟ್ಟಿದ್ದೀರ, ಅಷ್ಟೇ."

ಸದ್ಯ, ಬದುಕಿಕೊಂಡೆ ಎಂದು ಮಾಸ್ಟರು ಉಸಿರು ಬಿಟ್ಟರು. ಆಕೆ ಎದ್ದು ನಿಂತವಳು ಅವರನ್ನೇ ದಿಟ್ಟಿಸಿದಳು. ಭುಜ ಹಿಡಿದು ಒಂದು ಸುತ್ತು ತಿರುಗಿಸಿ, ತೋಳು ನೋಡಿ, ಬೆನ್ನು ನೋಡಿ, ಮುಖ ಅರಳಿಸಿದಳು.

"ರೀ, ಇದನ್ನ ಯಾವಾಗ ಹೊಲಿದ್ರಿ? ಮದುವೆಯಾದಾಗಿಂದ ನಿಮ್ಮ ಮೈಗೆ ಸರಿಯಾಗಿ ಕೂತಿರೋ ಅಂಗಿ ಇದೊಂದೇ ನೋಡಿ!"